ಮೂಳೆ ಕೂಡಿದ ಮೇಲೂ ಉಳಿದ ನೋವು: ನನ್ನ ಅನುಭವ

ಎಕ್ಸ್‌ರೇ ನೋಡಿದ ಡಾಕ್ಟರ್ "ಮೂಳೆ ಚೆನ್ನಾಗಿ ಕೂಡಿದೆ, ಇನ್ನೇನೂ ತೊಂದರೆ ಇಲ್ಲ" ಎಂದರು. ಕಾಲು ಮಾತ್ರ ನೋಯುತ್ತಲೇ ಇತ್ತು. ಕಣಕಾಲು, ಅಂದರೆ ಮಂಡಿಯಿಂದ ಪಾದದ ಗಿಣ್ಣಿನವರೆಗಿನ ಭಾಗ ಮುರಿದು, ಒಳಗೆ ರಾಡು ಹಾಕಿಸಿಕೊಂಡವರಲ್ಲಿ ಬಹಳ ಜನ ಒಂಟಿಯಾಗುವುದು ಈ ಹಂತದಲ್ಲೇ. ಮನೆಯವರ ಪಾಲಿಗೆ ಕಾಲು ಸರಿಹೋಗಿದೆ. ಸ್ಕೂಲಿನ ಪಾಲಿಗೆ ರಜೆ ಮುಗಿದಿದೆ. ನೋವು ಇನ್ನೂ ಇದೆ ಎಂದು ಹೇಳಿಕೊಳ್ಳಲೂ ಸಂಕೋಚ. ಆ ತಿಂಗಳುಗಳಲ್ಲಿ ನಾನು ಏನೇನು ಮಾಡಿದೆ, ಯಾವುದರಿಂದ ಉಪಯೋಗವಾಯಿತು ಎಂದು ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ತರಗತಿ ನಡೆಸುವವಳು. ಒಂದರಿಂದ ಮೂರನೇ ತರಗತಿಯ ಮಕ್ಕಳ ಜೊತೆ ನೆಲದ ಮೇಲೆ ಕೂತು ಕಲಿಸುವ ಕೆಲಸ. ಮಕ್ಕಳು ಕೂರುವ ಗುಂಪಿಗೆ ನಲಿ-ಕಲಿಯಲ್ಲಿ ತಟ್ಟೆ ಎನ್ನುತ್ತೇವೆ. ಒಂದು ತಟ್ಟೆಯ ಮಕ್ಕಳ ಹತ್ತಿರ ಕೂರಬೇಕು, ಎದ್ದು ಇನ್ನೊಂದು ತಟ್ಟೆಗೆ ಹೋಗಬೇಕು, ಅಲ್ಲಿ ಮಂಡಿಯೂರಿ ಕಾರ್ಡು ನೋಡಬೇಕು. ಮಂಡಿ ಬಗ್ಗದೆ ಈ ಕೆಲಸ ಸಾಗುವುದಿಲ್ಲ. ಮಳೆಗಾಲದಲ್ಲಿ ಸ್ಕೂಟರ್ ಜಾರಿ ಬಿದ್ದು ಬಲಗಾಲಿನ ಕಣಕಾಲಿನ ಎರಡೂ ಮೂಳೆ ಮುರಿದವು.

ನನ್ನ ಕಾಲಿಗೆ ಏನು ಮಾಡಿದ್ದಾರೆ ಎಂದು ತಿಳಿದುಕೊಂಡಿದ್ದೇ ಮುಂದೆ ಜಾಸ್ತಿ ಕೆಲಸಕ್ಕೆ ಬಂತು. ಮುರಿದದ್ದು ಕಣಕಾಲಿನಲ್ಲಾದರೂ ಕೊಯ್ಯುವುದು ಮಂಡಿಯ ಹತ್ತಿರ. ಮಂಡಿ ಚಿಪ್ಪಿನ ಕೆಳಗೆ ನಾರಿನಂಥ ದಪ್ಪ ಪಟ್ಟಿ ಇರುತ್ತದೆ. ಅದನ್ನು ಸೀಳಿಯೋ ಪಕ್ಕಕ್ಕೆ ಸರಿಸಿಯೋ, ಮೂಳೆಯ ಮೇಲ್ತುದಿಯಲ್ಲಿ ತೂತು ಮಾಡಿ, ಒಳಗಿನ ಪೊಳ್ಳಿನಲ್ಲಿ ಉದ್ದಕ್ಕೂ ರಾಡು ಇಳಿಸುತ್ತಾರೆ. ಅದು ತಿರುಗದ ಹಾಗೆ ಮೇಲೆ, ಕೆಳಗೆ ಅಡ್ಡಡ್ಡ ಸ್ಕ್ರೂ ಹಾಕುತ್ತಾರೆ. ಜರ್ಮನಿಯ ಗೆರ್ಹಾರ್ಡ್ ಕ್ಯೂಂಟ್ಷರ್ ಎಂಬ ಸರ್ಜನ್ 1940ರ ಆಸುಪಾಸಿನಲ್ಲಿ ಮುರಿದ ತೊಡೆಮೂಳೆಯೊಳಗೆ ಹೀಗೆ ರಾಡು ಇಳಿಸಿ ತೋರಿಸಿದರು. ಅದಕ್ಕೂ ಮೊದಲು ಕಾಲಿಗೆ ತೂಕ ಕಟ್ಟಿ ತಿಂಗಳುಗಟ್ಟಲೆ ಮಲಗಿಸುತ್ತಿದ್ದರು. ನಾನು ಆಪರೇಷನ್ ಆದ ಕೆಲವೇ ದಿನಕ್ಕೆ ವಾಕರ್ ಹಿಡಿದು ನಿಂತೆ. ಆ ರಾಡಿನ ಬಗ್ಗೆ ನನಗೆ ಕೃತಜ್ಞತೆ ಇದೆ. ಆದರೆ ಅದು ಹೋದ ದಾರಿಯಲ್ಲೆಲ್ಲ ಒಂದೊಂದು ನೋವು ಬಿಟ್ಟು ಹೋಗಿತ್ತು.

ಕಣಕಾಲಿನ ದೊಡ್ಡ ಮೂಳೆ ಕೂಡಲು ಸಾಮಾನ್ಯವಾಗಿ 4ರಿಂದ 6 ತಿಂಗಳು ಬೇಕು. ಅದರ ಮುಂಭಾಗದಲ್ಲಿ ಮಾಂಸವಿಲ್ಲ, ಬರೀ ಚರ್ಮ. ಕೆಳಗಿನ ಮೂರನೇ ಒಂದು ಭಾಗಕ್ಕೆ ರಕ್ತ ಹರಿಯುವುದೂ ಕಡಿಮೆ. ಅದಕ್ಕೇ ಇದು ನಿಧಾನದ ಮೂಳೆ. ಕೂಡಿದ ಮೇಲೂ ಅದು ಒಳಗೊಳಗೇ ತನ್ನನ್ನು ತಿದ್ದಿಕೊಳ್ಳುತ್ತಿರುತ್ತದೆ, ವರ್ಷದ ಮೇಲೂ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ ಅಷ್ಟೇ. ಕೊಯ್ದ ಚರ್ಮ, ಸೊರಗಿದ ಮಾಂಸಖಂಡ, ಕೆರಳಿದ ನರ ಅದರಲ್ಲಿ ಕಾಣುವುದಿಲ್ಲ.

ಫಿಸಿಯೋಥೆರಪಿಗೆ ಹೋದಾಗ ಅಲ್ಲಿನ ಮೇಡಂ ಕೇಳಿದ ಮೊದಲ ಪ್ರಶ್ನೆ ನನಗೆ ಹೊಸದು. "ಟೀಚರ್, ನೋವು ಎಷ್ಟಿದೆ ಅನ್ನೋದು ಆಮೇಲೆ. ಒಂದೇ ಬೆರಳಿಟ್ಟು ಎಲ್ಲಿ ಅಂತ ತೋರಿಸಿ." ಬೆರಳಿಡಲು ಹೋದರೆ ಒಂದು ಕಡೆ ಅಲ್ಲ, ನಾಲ್ಕು ಕಡೆ ಆಯಿತು. ಮಂಡಿ ಚಿಪ್ಪಿನ ಕೆಳಗೆ ಒಂದು. ಗಾಯದ ಗುರುತಿನ ಪಕ್ಕದಲ್ಲಿ ಉರಿ. ಪಾದದ ಗಿಣ್ಣಿನ ಒಳಬದಿಯಲ್ಲಿ, ಕೆಳಗಿನ ಸ್ಕ್ರೂ ಇರುವ ಜಾಗದಲ್ಲಿ, ಚುಚ್ಚುವ ನೋವು. ಸಂಜೆ ಹೊತ್ತಿಗೆ ಮೀನಖಂಡದಿಂದ ಪಾದದವರೆಗೆ ಭಾರ, ಊತ. ಮುರಿದ ಜಾಗವನ್ನೇ ಒತ್ತಿದರೆ ಅಷ್ಟೇನೂ ನೋವಿರಲಿಲ್ಲ. ಅಷ್ಟು ದಿನ "ಕಾಲು ನೋವು" ಎಂದು ಒಂದೇ ಹೆಸರಿನಲ್ಲಿ ಹೇಳುತ್ತಿದ್ದೆ. ಒಂದೊಂದಕ್ಕೂ ಬೇರೆ ಕಾರಣ, ಬೇರೆ ಉಪಾಯ ಎಂದು ಗೊತ್ತಾದಾಗ ಅರ್ಧ ಭಯ ಹೋಯಿತು.

ಅವತ್ತಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಎಲ್ಲಿ ನೋವು, ಯಾವಾಗ, ಅದಕ್ಕೆ ಮೊದಲು ಏನು ಮಾಡುತ್ತಿದ್ದೆ, ಮಾರನೇ ದಿನ ಬೆಳಿಗ್ಗೆ ಹೇಗಿತ್ತು. ಈ ಕೊನೆಯ ಕಲಂ ಎಲ್ಲಕ್ಕಿಂತ ಮುಖ್ಯ. ವ್ಯಾಯಾಮ ಮಾಡುವಾಗ ಸ್ವಲ್ಪ ನೋವು ಬರುತ್ತದೆ, ಬರಲಿ. ಮಾರನೇ ಬೆಳಿಗ್ಗೆ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಅಷ್ಟೇ ಮುಂದುವರಿಸುವುದು. ಬೆಳಿಗ್ಗೆಯೂ ಜಾಸ್ತಿ ಇದ್ದರೆ, ಅಥವಾ ಊತ ಏರಿದ್ದರೆ ಅರ್ಧಕ್ಕೆ ಇಳಿಸುವುದು. ಪೂರ್ತಿ ನಿಲ್ಲಿಸುವಂತಿಲ್ಲ. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಗಟ್ಟಿಯಾಗುತ್ತದೆ. ಜರ್ಮನಿಯ ಯೂಲಿಯಸ್ ವೋಲ್ಫ್ 1892ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಡಾಕ್ಟರ್ ಭಾರ ಹಾಕಬಹುದು ಎಂದ ಮೇಲೆ ಭಾರ ಹಾಕುವುದೂ ಔಷಧಿಯ ಒಂದು ಭಾಗವೇ.

ಈಗ ಮಂಡಿಯ ವಿಷಯ. ಇದೇ ನನ್ನನ್ನು ಜಾಸ್ತಿ ಕಾಡಿದ್ದು. ಕಣಕಾಲಿಗೆ ರಾಡು ಹಾಕಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಂಡಿಯ ಮುಂಭಾಗದಲ್ಲಿ ನೋವು ಉಳಿಯುತ್ತದೆ. ಮಂಡಿಯೂರಿದರೆ ಎಲ್ಲಕ್ಕಿಂತ ಜಾಸ್ತಿ. ಕುಕ್ಕರಗಾಲಲ್ಲಿ ಕೂತರೆ, ಮೆಟ್ಟಿಲು ಇಳಿದರೆ, ತುಂಬಾ ಹೊತ್ತು ಬಸ್ಸಿನಲ್ಲಿ ಕೂತು ಎದ್ದರೆ ಕೂಡ. ಇದನ್ನು ಆಪರೇಷನ್‌ಗೆ ಮೊದಲು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಬೇಡ ಎನ್ನುತ್ತಿರಲಿಲ್ಲ. ಆದರೆ ಮಂಡಿ ಏಕೆ ನೋಯುತ್ತಿದೆ, ಅಲ್ಲೂ ಏನೋ ಮುರಿದಿದೆಯಾ ಎಂದು ರಾತ್ರಿಯೆಲ್ಲ ಯೋಚಿಸುವುದು ತಪ್ಪುತ್ತಿತ್ತು, ಅಲ್ವಾ?

ತೊಡೆಯ ಮುಂಭಾಗದ ಮಾಂಸಖಂಡ ಸೊರಗಿದರೆ ಮಂಡಿಯ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಅದಕ್ಕೆ ಮೊದಲು ತೊಡೆಯನ್ನು ಗಟ್ಟಿ ಮಾಡಬೇಕಿತ್ತು. ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು, ಅದನ್ನು ಕೆಳಗೆ ಒತ್ತಿ, ಐದು ಎಣಿಸಿ ಬಿಡುವುದು. ಮಲಗಿ, ಮಂಡಿ ಬಗ್ಗಿಸದೆ ಕಾಲು ಎತ್ತುವುದು. ಇವು ಸುಲಭವಾದ ಮೇಲೆ ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಆಮೇಲೆ ಅದಕ್ಕಿಂತ ತಗ್ಗಿನ ಕುರ್ಚಿ. ಆಮೇಲೆ ಒಂದೇ ಮೆಟ್ಟಿಲು ಹತ್ತಿ ಇಳಿಯುವುದು. ನೋಡಲು ಏನೂ ಇಲ್ಲದಂಥ ವ್ಯಾಯಾಮಗಳು. ಆದರೆ ಬಿಡದೆ ಮಾಡಿದ ಮೇಲೆ ಎರಡು ತೊಡೆಗಳ ಸುತ್ತಳತೆ ಹತ್ತಿರ ಹತ್ತಿರ ಬಂತು. ಮೆಟ್ಟಿಲು ಇಳಿಯುವಾಗಿನ ನೋವು ಮೊದಲು ಕಡಿಮೆಯಾಯಿತು.

ಮಂಡಿಯೂರುವುದನ್ನು ಬೇರೆಯಾಗಿಯೇ ಕಲಿಯಬೇಕಾಯಿತು. ಮೊದಲು ಹಾಸಿಗೆಯ ಮೇಲೆ, ಕೈ ಮುಂದೆ ಊರಿ, ಅರ್ಧ ಭಾರ ಮಾತ್ರ. ಆಮೇಲೆ ನೆಲದ ಮೇಲೆ ಮಡಿಸಿದ ಕಂಬಳಿ. ಆಮೇಲೆ ಮಡಿಸಿದ ಜಮಖಾನ. ಬರೀ ನೆಲಕ್ಕೆ ಇವತ್ತಿಗೂ ಮಂಡಿ ಊರುವುದಿಲ್ಲ. ತರಗತಿಯಲ್ಲಿ ಒಂದು ಮಣೆ ಇಟ್ಟುಕೊಂಡಿದ್ದೇನೆ. ಅದರ ಮೇಲೆ ಕೂತರೆ ಮಕ್ಕಳ ಎತ್ತರಕ್ಕೇ ಇರುತ್ತೇನೆ, ಮಂಡಿ ಪೂರ್ತಿ ಮಡಚಬೇಕಾಗಿಲ್ಲ. ಮಕ್ಕಳು ಅದನ್ನು "ಮಿಸ್ ಮಣೆ" ಎಂದು ಒಂದು ತಟ್ಟೆಯಿಂದ ಇನ್ನೊಂದಕ್ಕೆ ತಾವೇ ಹೊತ್ತು ತರುತ್ತಾರೆ.

ಗಾಯದ ಪಕ್ಕದ ಉರಿ ನರದ್ದು. ಮಂಡಿಯ ಮುಂದೆ ಚರ್ಮಕ್ಕೆ ಹೋಗುವ ಸಣ್ಣ ನರ ಕೊಯ್ಯುವಾಗ ಕತ್ತರಿಸಬಹುದು. ಅದರಿಂದ ಒಂದಿಷ್ಟು ಜಾಗ ಮರಗಟ್ಟುತ್ತದೆ. ಅದರ ಅಂಚಿನಲ್ಲಿ ಮಾತ್ರ ಬಟ್ಟೆ ಸೋಕಿದರೂ ಉರಿ. ರಾತ್ರಿ ಹೊದಿಕೆ ತಾಗಿದರೆ ಎಚ್ಚರವಾಗುತ್ತಿತ್ತು. ಗಾಯ ಪೂರ್ತಿ ಮಾಗಿದ ಮೇಲೆ ಮೇಡಂ ಒಂದು ಅಭ್ಯಾಸ ಹೇಳಿಕೊಟ್ಟರು. ಹತ್ತಿಯಿಂದ ಆ ಜಾಗವನ್ನು ಮೆಲ್ಲಗೆ ಸವರುವುದು. ಅದು ಒಗ್ಗಿದ ಮೇಲೆ ಹಳೆಯ ಕಾಟನ್ ಸೀರೆ, ಆಮೇಲೆ ಟವೆಲ್, ಕೊನೆಗೆ ಒರಟು ಗೋಣಿ ಬಟ್ಟೆ. ಜೊತೆಗೆ ಕೊಬ್ಬರಿ ಎಣ್ಣೆ ಹಚ್ಚಿ ಗಾಯದ ಗುರುತನ್ನು ಬೆರಳಿನಿಂದ ಅತ್ತಿತ್ತ ಸರಿಸುವುದು. ಸ್ಪರ್ಶ ಅಪಾಯವಲ್ಲ ಎಂದು ನರಕ್ಕೆ ಮತ್ತೆ ಕಲಿಸುವ ಕೆಲಸ ಇದು. ಉರಿ ಹೋಯಿತು. ಮರಗಟ್ಟಿದ ಜಾಗ ಚಿಕ್ಕದಾಯಿತು, ಹೋಗಿಲ್ಲ. ಅದರಿಂದ ತೊಂದರೆಯೂ ಇಲ್ಲ.

ಸಂಜೆಯ ಊತಕ್ಕೆ ದಿಂಬಿನ ಮೇಲೆ ಕಾಲಿಟ್ಟರೆ ಸಾಲದು, ಪಾದ ಎದೆಗಿಂತ ಮೇಲಿರಬೇಕು. ಅಂದರೆ ಮಲಗಲೇಬೇಕು. ಮಲಗಿ ಪಾದವನ್ನು ಮೇಲೆ ಕೆಳಗೆ ಆಡಿಸಿದರೆ ಮೀನಖಂಡ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ 10-15 ನಿಮಿಷ ಇಡುತ್ತಿದ್ದೆ. ಮರಗಟ್ಟಿದ ಜಾಗಕ್ಕೆ ಮಾತ್ರ ಇಡಬಾರದು, ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ಕುಂಟು ನಡಿಗೆಯ ಬಗ್ಗೆ ಒತ್ತಿ ಹೇಳಬೇಕು. ನೋವು ಕಡಿಮೆಯಾದ ಮೇಲೂ ಕುಂಟುವುದು ಅಭ್ಯಾಸವಾಗಿ ಉಳಿಯುತ್ತದೆ. ಆಗ ಸೊಂಟ ನೋಯುತ್ತದೆ, ಒಳ್ಳೆ ಕಾಲಿನ ಮಂಡಿಯೂ ನೋಯುತ್ತದೆ. ಊರುಗೋಲನ್ನು ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ನನಗೆ ಬಲಗಾಲು, ಹಾಗಾಗಿ ಎಡಗೈ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ನಿಧಾನವಾದರೂ ಎರಡೂ ಹೆಜ್ಜೆ ಒಂದೇ ಉದ್ದ ಬರುವಂತೆ, ಹಿಮ್ಮಡಿ ಮೊದಲು ಊರುವಂತೆ ವರಾಂಡದಲ್ಲಿ ನಡೆದೆ. ಬೇಗ ನಡೆಯುವುದಕ್ಕಿಂತ ಸರಿಯಾಗಿ ನಡೆಯುವುದೇ ನೋವು ಇಳಿಸಿತು.

ಮನೆಗೆ ಬಂದವರೆಲ್ಲ ಒಂದೊಂದು ಹೇಳುತ್ತಿದ್ದರು. ಪುತ್ತೂರು ಕಟ್ಟು ಹಾಕಿಸು, ಕಾಲು ಸೂಪು ಕುಡಿ, ಮಂಗರವಳ್ಳಿ ಚಟ್ನಿ ತಿನ್ನು. ಒಳಗೆ ರಾಡು ಇರುವ ಕಾಲಿಗೆ ಹೊರಗಿನಿಂದ ಬಿಗಿಯಾಗಿ ಕಟ್ಟುವುದಕ್ಕೆ ನಾನು ಒಪ್ಪಲಿಲ್ಲ. ಜೋರಾಗಿ ಎಣ್ಣೆ ತಿಕ್ಕಿಸಲೂ ಇಲ್ಲ. ಅತ್ತೆ ಮಾಡಿಕೊಟ್ಟ ಮಂಗರವಳ್ಳಿ ಚಟ್ನಿಯನ್ನು ರಾಗಿ ಮುದ್ದೆ ಜೊತೆ ಖುಷಿಯಾಗಿ ತಿಂದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಕಾಳು, ಮೊಟ್ಟೆ, ಮೊಸರನ್ನೂ ಜಾಸ್ತಿ ಮಾಡಿದೆವು, ಮೂಳೆಗೂ ಮಾಂಸಕ್ಕೂ ಪ್ರೋಟೀನ್ ಬೇಕಲ್ಲ. ನೋವಿನ ಮಾತ್ರೆಯನ್ನು ಡಾಕ್ಟರ್ ಹೇಳಿದಷ್ಟು ದಿನ, ಹೇಳಿದಷ್ಟೇ ತೆಗೆದುಕೊಂಡೆ. ಅಂಗಡಿಯಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗುವವರನ್ನು ನೋಡಿದರೆ ಹೆದರಿಕೆಯಾಗುತ್ತದೆ. ಹೊಟ್ಟೆಗೂ ಕಿಡ್ನಿಗೂ ಅದರ ಪೆಟ್ಟು ಬೀಳುತ್ತದೆ.

ಕೆಲವು ನೋವಿಗೆ ಮನೆಯಲ್ಲಿ ಉಪಾಯ ಹುಡುಕಬಾರದು. ಇಳಿಯುತ್ತಿದ್ದ ನೋವು ಮತ್ತೆ ಏರತೊಡಗಿದರೆ, ಮುರಿದ ಜಾಗವೇ ಭಾರ ಹಾಕಿದಾಗ ನೋಯುತ್ತಿದ್ದರೆ ಮೂಳೆ ಕೂಡದೇ ಇರಬಹುದು. ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಜ್ವರ ಬಂದರೆ ಸೋಂಕು. ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯಬಾರದು. ಕಾಲಿನ ಬಣ್ಣ ಬದಲಾಗಿ, ಬೆವರಿ, ಮುಟ್ಟಿದರೆ ತಡೆಯಲಾರದ ಉರಿ ಇದ್ದರೆ ಅದೂ ಬೇರೆಯದೇ ಕಾಯಿಲೆ, ಬೇಗ ಚಿಕಿತ್ಸೆ ಬೇಕು.

ಗಿಣ್ಣಿನ ಸ್ಕ್ರೂ ನೋವು ಯಾವ ವ್ಯಾಯಾಮಕ್ಕೂ ಬಗ್ಗಲಿಲ್ಲ. ಅಲ್ಲಿ ಚರ್ಮ ತೆಳು, ಸ್ಕ್ರೂವಿನ ತಲೆ ಕೈಗೆ ಸಿಗುತ್ತಿತ್ತು. ನೋಟ್‌ಬುಕ್ ನೋಡಿದ ಸರ್ಜನ್, ಮೂಳೆ ಕೂಡಿರುವುದನ್ನು ಮತ್ತೊಮ್ಮೆ ಖಚಿತ ಮಾಡಿಕೊಂಡು, ಆ ಸ್ಕ್ರೂ ಮಾತ್ರ ತೆಗೆದರು. ಆ ನೋವು ಅಲ್ಲಿಗೆ ಮುಗಿಯಿತು. ರಾಡು ತೆಗೆಸುವುದು ಬೇರೆ ಮಾತು. ಅದನ್ನು ತೆಗೆಯಲು ಮತ್ತೆ ಮಂಡಿಯ ಅದೇ ಜಾಗದಲ್ಲಿ ಕೊಯ್ಯಬೇಕು. ತೆಗೆದರೂ ಮಂಡಿ ನೋವು ಹೋಗುವ ಖಾತ್ರಿ ಇಲ್ಲ. ತೆಗೆದ ಮೇಲೆ ತೂತುಗಳು ತುಂಬುವವರೆಗೆ ಮೂಳೆಗೆ ಬಲ ಕಡಿಮೆ. ರಾಡಿನ ತುದಿ ಮೂಳೆಯಿಂದ ಮೇಲಕ್ಕೆ ಚಾಚಿಕೊಂಡಿದ್ದರೆ ತೆಗೆಸುವುದಕ್ಕೆ ಒಂದು ಕಾರಣ ಸಿಗುತ್ತದೆ. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಅದು ಕಾಣುತ್ತದೆ, ತೋರಿಸಿ ಎಂದು ಕೇಳಿ. ನನ್ನದು ಮೂಳೆಯ ಒಳಗೇ ಇದೆ. ಅದಕ್ಕೇ ಸದ್ಯಕ್ಕೆ ರಾಡು ಇರಲಿ ಎಂದು ನಾನೂ ಡಾಕ್ಟರೂ ಒಪ್ಪಿಕೊಂಡಿದ್ದೇವೆ.