ಚೀಟಿಗಳಿಂದ ಆರಂಭವಾಗುವ ಪಾಠ

ಕಲ್ಯಾಣ ಕರ್ನಾಟಕದ ಒಂದು ಆರೋಗ್ಯ ಉಪಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯಾಗಿರುವ ನಾನು, ಪ್ರೌಢಶಾಲೆಯ ಮಕ್ಕಳಿಗೆ ಸಂತಾನೋತ್ಪತ್ತಿ ಆರೋಗ್ಯದ ತಿಳಿವಳಿಕೆ ನೀಡಲು ಹೋಗುವ ಮುನ್ನ ತರಗತಿಯಲ್ಲಿ ಬೀಗ ಹಾಕಿದ ಒಂದು ಪೆಟ್ಟಿಗೆಯನ್ನು ಇರಿಸುತ್ತೇನೆ. ಪ್ರತಿಯೊಬ್ಬರೂ ಹೆಸರು ಬರೆಯದೆ ಒಂದು ಚೀಟಿ ಹಾಕಲೇಬೇಕು. ಪ್ರಶ್ನೆ ಇಲ್ಲದವರು ಖಾಲಿ ಚೀಟಿಯನ್ನೇ ಹಾಕಬೇಕು. ಹೀಗೆ ಮಾಡಿದರೆ ಪ್ರಶ್ನೆ ಕೇಳಿದವರು ಯಾರೆಂಬ ಗುಮಾನಿಗೆ ಎಡೆ ಉಳಿಯುವುದಿಲ್ಲ.

ಬಿಳಿ ಸೆರಗು ಹೋದರೆ ಮೂಳೆ ಕರಗುತ್ತದೆಯೇ, ಮೊದಲ ಸಲಕ್ಕೇ ಬಸಿರಾಗುತ್ತದೆಯೇ, ನಿದ್ದೆಯಲ್ಲಿ ವೀರ್ಯ ಹೋದರೆ ಶಕ್ತಿ ಕುಂದುತ್ತದೆಯೇ ಎಂಬಂಥ ಪ್ರಶ್ನೆಗಳು ಆ ಚೀಟಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಮೊದಲ ಸಲಕ್ಕೂ ಗರ್ಭ ನಿಲ್ಲಬಹುದು, ಮುಟ್ಟು ಇನ್ನೂ ಕ್ರಮಬದ್ಧವಾಗದ ವಯಸ್ಸಿನಲ್ಲಿ ಯಾವ ದಿನವನ್ನೂ ಸುರಕ್ಷಿತವೆಂದು ನಂಬಲಾಗದು ಎಂಬುದನ್ನು ಅಂಡಾಶಯ ಮತ್ತು ಗರ್ಭಕೋಶದ ಚಿತ್ರ ಬರೆದು ವಿವರಿಸುತ್ತೇನೆ. ಈ ವಿವರಣೆಯನ್ನು ಹುಡುಗರಿಗೂ ಪೂರ್ತಿಯಾಗಿ ಕೊಡುತ್ತೇನೆ. ಗರ್ಭಕ್ಕೆ ಇಬ್ಬರೂ ಕಾರಣರಾಗಿರುವಾಗ ಹುಡುಗರನ್ನು ಮೈದಾನಕ್ಕೆ ಕಳುಹಿಸಿ ಹುಡುಗಿಯರಿಗೆ ಮಾತ್ರ ಎಚ್ಚರಿಕೆ ಹೇಳುವ ಪದ್ಧತಿಯನ್ನು ನಾನು ಒಪ್ಪಲಾರೆ.

ನನ್ನ ಪಾಠದಲ್ಲಿ ಹೆಚ್ಚು ಹೊತ್ತು ತೆಗೆದುಕೊಳ್ಳುವುದು ಗೋಪ್ಯತೆಯ ವಿಷಯ. "ನೀವು ಏನು ಹೇಳಿದರೂ ಯಾರಿಗೂ ಹೇಳುವುದಿಲ್ಲ" ಎಂದು ನಾನು ಮಕ್ಕಳಿಗೆ ಮಾತು ಕೊಡುವುದಿಲ್ಲ, ಏಕೆಂದರೆ ಅದು ಉಳಿಸಿಕೊಳ್ಳಲಾಗದ ಮಾತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ, ಲೈಂಗಿಕ ಸಂಬಂಧಕ್ಕೆ 18 ವರ್ಷದೊಳಗಿನವರು ಕೊಟ್ಟ ಒಪ್ಪಿಗೆಗೆ ಕಾನೂನಿನ ಮಾನ್ಯತೆಯಿಲ್ಲ, ಮತ್ತು ಅಂಥ ಸಂಬಂಧದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಟ್ಟು, ನೋವು, ರಕ್ತಹೀನತೆ, ಮನಸ್ಸಿನ ದುಗುಡ ಇವೆಲ್ಲ ನನ್ನಲ್ಲೇ ಉಳಿಯುತ್ತವೆ, ಇಂಥ ಸಂಗತಿ ಮಾತ್ರ ಉಳಿಯಲಾರದು ಎಂದು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಕೇಳಿದ ಹುಡುಗಿ ಬಾಯಿ ಬಿಡದೇ ಹೋದಾಳೆಂಬ ಭಯ ನನಗೂ ಇದೆ. ಕೇಸಿಗೆ ಹೆದರಿ ಹೊಟ್ಟೆ ಮುಚ್ಚಿಟ್ಟುಕೊಂಡು, ಕೊನೆಗೆ ಯಾರದೋ ಕೈಯಲ್ಲಿ ಅಸುರಕ್ಷಿತ ಗರ್ಭಪಾತಕ್ಕೆ ಒಳಗಾಗುವ ಅಪಾಯ ಸಣ್ಣದಲ್ಲ. ಆದ್ದರಿಂದಲೇ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪನ್ನೂ ತಿಳಿಸುತ್ತೇನೆ: ಗರ್ಭಪಾತಕ್ಕಾಗಿ ಬಂದ ಅಪ್ರಾಪ್ತೆ ಮತ್ತು ಆಕೆಯ ಪೋಷಕರು ಕೋರಿದರೆ, ವೈದ್ಯರು ಪೊಲೀಸರಿಗೆ ನೀಡುವ ಮಾಹಿತಿಯಲ್ಲಿ ಆಕೆಯ ಗುರುತನ್ನು ಬಹಿರಂಗಪಡಿಸಬೇಕಾಗಿಲ್ಲ. ತಿಂಗಳು ತಪ್ಪಿದ ಕೂಡಲೇ ಬಂದರೆ ದಾರಿಗಳಿರುತ್ತವೆ, ತಡವಾದಷ್ಟೂ ಅವು ಕಡಿಮೆಯಾಗುತ್ತವೆ ಎಂಬುದನ್ನು ಎರಡೆರಡು ಸಲ ಹೇಳುತ್ತೇನೆ.

ನಮ್ಮ ಭಾಗದಲ್ಲಿ ನಾನು ಕಂಡ ಹದಿಹರೆಯದ ಬಸಿರುಗಳಲ್ಲಿ ಹೆಚ್ಚಿನವು ಮದುವೆಯಾದ ನಂತರ ಬಂದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ. 21.3ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಹಾಗಾಗಿ ತಾಯಂದಿರ ಸಭೆಯಿಲ್ಲದೆ ಶಾಲೆಯ ಪಾಠ ಅರ್ಧವೇ ಸರಿ. ಅಜ್ಜಿ ಕಣ್ಣು ಮುಚ್ಚುವುದರೊಳಗೆ ಮೊಮ್ಮಗಳ ಮದುವೆ ನೋಡಬೇಕಂತೆ, ಸೋದರಮಾವನಿಗೆ ಮಾತು ಕೊಟ್ಟಾಗಿದೆ ಎನ್ನುವ ತಾಯಂದಿರೊಂದಿಗೆ ಶಿಕ್ಷೆಯ ಮಾತಿಗಿಂತ ಹೆರಿಗೆಯ ಮಾತನ್ನು ಮೊದಲು ಆಡುತ್ತೇನೆ. ಸೊಂಟದ ಮೂಳೆ ಪೂರ್ತಿ ಬೆಳೆಯದ, ರಕ್ತ ಕಡಿಮೆಯಿರುವ ಹುಡುಗಿಗೆ ಹೆರಿಗೆ ಕಷ್ಟವಾಗುವುದು, ಬಿ.ಪಿ. ಏರಿ ಫಿಟ್ಸ್ ಬರುವುದು, ಮಗು ತೂಕವಿಲ್ಲದೆ ಹುಟ್ಟುವುದು, ಇವು ಅವರು ತಮ್ಮ ಓಣಿಯಲ್ಲೇ ಕಂಡ ಸಂಗತಿಗಳು. ಬಾಲ್ಯವಿವಾಹ ಕರ್ನಾಟಕದಲ್ಲಿ ಆರಂಭದಿಂದಲೇ ಅಸಿಂಧು ಎಂಬುದನ್ನೂ ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನೂ ಅದರ ನಂತರ ಹೇಳಿದರೆ ಕೇಳಿಸಿಕೊಳ್ಳುತ್ತಾರೆ.

ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ಗೆ ಹುಡುಗಿಯರು ಒಬ್ಬೊಬ್ಬರೇ ಹೋಗಲು ಸಂಕೋಚಪಡುತ್ತಾರೆ. ಅದಕ್ಕಾಗಿ ಹಿಮೋಗ್ಲೋಬಿನ್ ಪರೀಕ್ಷೆಯ ನೆಪದಲ್ಲಿ ಗುಂಪಾಗಿ ಕರೆದೊಯ್ದು, ಆಪ್ತ ಸಮಾಲೋಚಕರು ಕೂರುವ ಕೋಣೆ, ಬಾಗಿಲು ಮತ್ತು ಸಮಯ ಎಲ್ಲವನ್ನೂ ತೋರಿಸಿಕೊಂಡು ಬರುತ್ತೇನೆ.