ಗಿಡಮೂಲಿಕೆಯಿಂದ ಜೀವನೋಪಾಯ: ಹಳ್ಳಿಯ ಮಹಿಳಾ ಸಂಘಗಳನ್ನು ಕಟ್ಟುವ ಮಿಷನ್ ಕಾರ್ಯಕರ್ತರಿಗೆ

ಆನೇಕಲ್, ಹೊಸಕೋಟೆ, ದೊಡ್ಡಬಳ್ಳಾಪುರ ಸೀಮೆಯ ಹಳ್ಳಿಗಳಲ್ಲಿ ಕೆಮ್ಮಿಗೆ ಆಡುಸೋಗೆ, ಶೀತಕ್ಕೆ ದೊಡ್ಡಪತ್ರೆ, ಕೂದಲಿಗೆ ಗರುಗದ ಸೊಪ್ಪಿನ ಎಣ್ಣೆ ಎಂಬ ತಿಳಿವಳಿಕೆ ಇಂದಿಗೂ ಹೆಂಗಸರ ಬಳಿಯೇ ಉಳಿದಿದೆ. ಅದನ್ನು ದುಡಿಮೆಯ ದಾರಿಯಾಗಿಸಲು ಬೆಂಗಳೂರಿನ ಧರ್ಮಕೇಂದ್ರಗಳು, ಧರ್ಮಭಗಿನಿಯರ ಮಠಗಳು ಮತ್ತು ಸಭೆಗಳ ಮಹಿಳಾ ಅನ್ಯೋನ್ಯ ಕೂಟಗಳು ಮುಂದೆ ಬರುವುದು ಸಹಜವೇ ಆಗಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳ ಮೂಲಕ ಜನರಿಗೆ ಕೆಲಸ ಕೊಟ್ಟ ಪರಂಪರೆ ನಮ್ಮ ಕಣ್ಣ ಮುಂದಿದೆ. ಆದರೆ ಹೆಂಚು ಮನುಷ್ಯರ ಹೊಟ್ಟೆಗೆ ಹೋಗುವುದಿಲ್ಲ, ಮದ್ದು ಹೋಗುತ್ತದೆ. ಆದ್ದರಿಂದ ಗಿಡ ನೆಡುವ ಮೊದಲು, ಬಾಟಲಿ ಕೊಳ್ಳುವ ಮೊದಲು, ಯಾವ ಪದಾರ್ಥವನ್ನು ಏನೆಂದು ಮಾರುತ್ತೇವೆ ಎಂಬುದನ್ನು ಸಂಘದವರು ಕೂತು ತೀರ್ಮಾನಿಸಬೇಕು.

ಕಾನೂನಿನ ಕಣ್ಣಿನಲ್ಲಿ ಒಂದೇ ಸೊಪ್ಪು ಮೂರು ಬಗೆಯಾಗಿ ಕಾಣಬಹುದು. ನುಗ್ಗೆಸೊಪ್ಪಿನ ಪುಡಿ, ಒಣಗಿಸಿದ ನೆಲ್ಲಿಕಾಯಿ, ಧನಿಯಾ, ಜೀರಿಗೆ, ಮೆಣಸು, ಶುಂಠಿ ಹಾಕಿದ ಕಷಾಯದ ಪುಡಿ ಇವೆಲ್ಲ ಆಹಾರವೆಂದು ಮಾರಾಟವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಸಣ್ಣ ಉದ್ದಿಮೆಗಳಿಗಿರುವ ನೋಂದಣಿ ಸಾಕಾಗುತ್ತದೆ, ಅದರ ಶುಲ್ಕವೂ ಕಡಿಮೆ. ಸಾಬೂನು, ತಲೆಗೆ ಹಚ್ಚುವ ಎಣ್ಣೆ, ಸೀಗೆಪುಡಿ ಪ್ರಸಾಧನ ಸಾಮಗ್ರಿಗಳಾಗುತ್ತವೆ. ಇವುಗಳನ್ನು ಮಾರಾಟಕ್ಕಾಗಿ ತಯಾರಿಸಲು ಪರವಾನಗಿ ಬೇಕು. ‘ಇದು ಈ ರೋಗಕ್ಕೆ ಮದ್ದು’ ಎಂದು ಹೇಳಿದ ಕೂಡಲೇ ಆ ಪದಾರ್ಥ 1940ರ ಔಷಧಿ ಮತ್ತು ಪ್ರಸಾಧನ ಕಾಯ್ದೆಯಡಿ ಆಯುರ್ವೇದ ಔಷಧಿಯಾಗುತ್ತದೆ. ಆಗ ಆಯುಷ್ ಇಲಾಖೆಯ ತಯಾರಿಕಾ ಪರವಾನಗಿ, ಅರ್ಹ ತಾಂತ್ರಿಕ ಸಿಬ್ಬಂದಿ, ಔಷಧಿ ನಿಯಮಗಳಲ್ಲಿ ಉತ್ತಮ ತಯಾರಿಕಾ ಕ್ರಮಗಳನ್ನು ವಿವರಿಸುವ ಶೆಡ್ಯೂಲ್ ಟಿ ಹೇಳುವಂತೆ 1,200 ಚದರ ಅಡಿಯ ತಯಾರಿಕಾ ಸ್ಥಳ ಎಲ್ಲವೂ ಬೇಕಾಗುತ್ತವೆ. ಹೊಸ ಸಂಘಕ್ಕೆ ಇದು ಭಾರ. ಆಹಾರ ಪದಾರ್ಥಗಳಿಂದ ಆರಂಭಿಸಿ, ಕೈ ಪಳಗಿದ ಮೇಲೆ, ಪರವಾನಗಿ ಇರುವ ಕಾರ್ಖಾನೆಯ ಸೌಲಭ್ಯ ಬಳಸಿ ಸ್ವಂತ ಹೆಸರಿನಲ್ಲಿ ತಯಾರಿಸಲು ಅವಕಾಶ ಕೊಡುವ ‘ಲೋನ್ ಲೈಸೆನ್ಸ್’ ಪಡೆದು ಎಣ್ಣೆ ಮತ್ತು ಔಷಧಿಯತ್ತ ಹೋಗುವುದು ನಾನು ಕಂಡಂತೆ ಸುರಕ್ಷಿತ ಕ್ರಮ.

ಗಿಡದ ಗುರುತಿನಲ್ಲಿ ಯಾವ ಉದಾರತೆಯೂ ಸಲ್ಲದು. 2021ರಲ್ಲಿ ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳು ಬಂದಾಗ, ಅದನ್ನೇ ಹೋಲುವ ಬೇರೊಂದು ಬಳ್ಳಿಯೊಡನೆ ಗೊಂದಲವಾಗಬಾರದೆಂದು ಆಯುಷ್ ಸಚಿವಾಲಯ ಎಚ್ಚರಿಸಿತ್ತು: ನಿಜವಾದ ಅಮೃತಬಳ್ಳಿಯ ಕಾಂಡ ಹಸಿರಾಗಿದ್ದು ಅದರಿಂದ ಹಾಲು ಒಸರುವುದಿಲ್ಲ, ಇನ್ನೊಂದರ ಕಾಂಡ ಬೂದುಬಣ್ಣದ್ದಾಗಿದ್ದು ಮೈತುಂಬ ಗಂಟುಗಳಿರುತ್ತವೆ ಮತ್ತು ಕೊಯ್ದರೆ ಹಾಲು ಬರುತ್ತದೆ. ಅಜ್ಜಿಯರ ಅನುಭವವನ್ನು ಗೌರವಿಸುತ್ತಲೇ ಪ್ರತಿಯೊಂದು ಗಿಡದ ಹೂವು, ಎಲೆ, ಕಾಂಡಗಳಿರುವ ಮಾದರಿಯನ್ನು ಒಣಗಿಸಿ, ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದ ಸಸ್ಯತಜ್ಞರಿಗೋ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನಕ್ಕಾಗಿ 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯವರಿಗೋ ತೋರಿಸಿ ಹೆಸರನ್ನು ಖಚಿತಪಡಿಸಿಕೊಳ್ಳಬೇಕು. ಬೇಕಾದ ಗಿಡಗಳನ್ನು ಹಿತ್ತಿಲಲ್ಲಿ, ಚರ್ಚಿನ ಆವರಣದಲ್ಲಿ ಬೆಳೆಸಿಕೊಳ್ಳಿ. ಬನ್ನೇರುಘಟ್ಟದ ಕಾಡಂಚಿನ ಹಳ್ಳಿಗಳವರು ರಾಷ್ಟ್ರೀಯ ಉದ್ಯಾನದೊಳಗಿನಿಂದ ಬೇರು, ತೊಗಟೆ ತರಬಾರದು. ಅದು ಅಪರಾಧ, ಗಿಡದ ಸಂತತಿಗೂ ನಷ್ಟ.

ಸೊಪ್ಪನ್ನು ಇಬ್ಬನಿ ಆರಿದ ಮೇಲೆ ಕೊಯ್ದು, ತೊಳೆದು, ನೀರು ಬಸಿದು, ಗಾಳಿಯಾಡುವ ನೆರಳಿನಲ್ಲಿ ಬಿಳಿ ಬಟ್ಟೆಯ ಮೇಲೆ ತೆಳುವಾಗಿ ಹರಡಬೇಕು. ಬಿಸಿಲಿಗೆ ಹಾಕಿದರೆ ಬಣ್ಣವೂ ಪರಿಮಳವೂ ಕೆಡುತ್ತವೆ. ಎಲೆಯನ್ನು ಬೆರಳಿನಿಂದ ಒತ್ತಿದರೆ ಸದ್ದಿನೊಡನೆ ಪುಡಿಯಾಗಬೇಕು. ಮೆತ್ತಗೆ ಮಡಿಚಿಕೊಂಡರೆ ಇನ್ನೂ ತೇವವಿದೆ, ಅದನ್ನು ಡಬ್ಬಿಗೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಹಸಿ ಎಲೆಯ ತೂಕದಲ್ಲಿ ಮುಕ್ಕಾಲು ಪಾಲು ನೀರೇ ಆಗಿರುವುದರಿಂದ, ಕಡ್ಡಿ ತೆಗೆದ 4–5 ಕಿಲೋ ನುಗ್ಗೆಸೊಪ್ಪಿನಿಂದ ಸುಮಾರು 1 ಕಿಲೋ ಪುಡಿ ದೊರೆಯುತ್ತದೆ. ಬೆಲೆ ಕಟ್ಟುವಾಗ ಈ ಲೆಕ್ಕವನ್ನು ಮರೆಯಬಾರದು. ಎಣ್ಣೆ ಕಾಯಿಸಲು ಆಯುರ್ವೇದದ ಸಾಮಾನ್ಯ ಅಳತೆ ಒಂದು ಪಾಲು ಅರೆದ ಮೂಲಿಕೆ, ನಾಲ್ಕು ಪಾಲು ಎಣ್ಣೆ, ಹದಿನಾರು ಪಾಲು ಸೊಪ್ಪಿನ ರಸ ಅಥವಾ ಕಷಾಯ. ಸಣ್ಣ ಉರಿಯಲ್ಲಿ ನೀರಿನಂಶವೆಲ್ಲ ಆರುವವರೆಗೆ ತಾಳ್ಮೆಯಿಂದ ಕೈಯಾಡಿಸುತ್ತಿರಬೇಕು. ತಳದ ಚರಟವನ್ನು ಬತ್ತಿಯಂತೆ ಹೊಸೆದು ಉರಿಗೆ ಹಿಡಿದಾಗ ಚಟಪಟ ಸದ್ದು ಬಾರದಿದ್ದರೆ ಎಣ್ಣೆ ಹದಕ್ಕೆ ಬಂದಿದೆ ಎಂದರ್ಥ. ಈ ಒಂದು ಪರೀಕ್ಷೆಯನ್ನು ಯಾರೂ ಅವಸರದಲ್ಲಿ ಬಿಡದಂತೆ ನೋಡಿಕೊಂಡರೆ, ಎಣ್ಣೆ ಕಮಟು ಹಿಡಿಯಿತೆಂಬ ದೂರು ಬಹುಮಟ್ಟಿಗೆ ತಪ್ಪುತ್ತದೆ.

ಪೊಟ್ಟಣದ ಮೇಲೆ ಪದಾರ್ಥದ ಹೆಸರು, ಸಂಘದ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಿಸಿದ ತಿಂಗಳು, ದೂರು ಹೇಳಲು ಫೋನ್ ಸಂಖ್ಯೆ ಇರಬೇಕು. ಆಹಾರವಾದರೆ ಒಳಗಿರುವ ಸಾಮಗ್ರಿಗಳು ಮತ್ತು ನೋಂದಣಿ ಸಂಖ್ಯೆಯೂ ಇರಬೇಕು. ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ ವಾಸಿಯಾಗುತ್ತದೆಂದು ಜಾಹೀರಾತು ಕೊಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ನಿಷೇಧಿಸುತ್ತದೆ. ಪ್ರಾರ್ಥನೆಯನ್ನು ಪದಾರ್ಥಕ್ಕೆ ಅಂಟಿಸುವುದೂ ಅಷ್ಟೇ ತಪ್ಪು ಎಂಬುದು ನನ್ನ ದೃಢ ಅಭಿಪ್ರಾಯ. ರೋಗಿಗಾಗಿ ಪ್ರಾರ್ಥಿಸುವುದು ನಮ್ಮ ಕರ್ತವ್ಯ, ಆದರೆ ‘ಆಶೀರ್ವದಿಸಿದ ಎಣ್ಣೆ’ ಎಂದು ಬೆಲೆ ಹಚ್ಚಿ ಮಾರುವುದು ನಂಬಿಕೆಯನ್ನೂ ಗ್ರಾಹಕರನ್ನೂ ವಂಚಿಸಿದಂತೆ. ಸಂಘದ ಸದಸ್ಯತ್ವ ಎಲ್ಲ ಧರ್ಮದ ಹೆಂಗಸರಿಗೂ ತೆರೆದಿರಲಿ, ಆರಾಧನೆಗೆ ಬರುವುದು ಕೆಲಸಕ್ಕೆ ಷರತ್ತಾಗದಿರಲಿ. ಕಾಮಾಲೆಗೆ ನೆಲನೆಲ್ಲಿ ಕೇಳಿಕೊಂಡು ಬಂದವರನ್ನು, ಜ್ವರ ಬಿಡದ ಮಗುವನ್ನು, ಗರ್ಭಿಣಿಯನ್ನು ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು ಸಂಘದ ಲಿಖಿತ ನಿಯಮವಾಗಿರಬೇಕು.

ಹಣದ ವಿಷಯದಲ್ಲಿ ಮಿಷನ್ ಸಂಸ್ಥೆಗಳು ವಿಶೇಷ ಎಚ್ಚರ ವಹಿಸಬೇಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ, ಹೊರದೇಶದಿಂದ ಬಂದ ದೇಣಿಗೆಯನ್ನು ಬೇರೊಂದು ಸಂಘಕ್ಕೆ ವರ್ಗಾಯಿಸುವಂತಿಲ್ಲ. ಹಾಗಾಗಿ ಮಿಷನ್ ತನ್ನ ಲೆಕ್ಕದಲ್ಲೇ ತರಬೇತಿ ನಡೆಸಬಹುದು, ಕಟ್ಟಡ ಬಿಟ್ಟುಕೊಡಬಹುದು. ಬಂಡವಾಳವನ್ನು ಮಾತ್ರ ಸಂಘವು ತನ್ನ ಉಳಿತಾಯದಿಂದ ಮತ್ತು ಬ್ಯಾಂಕ್ ಸಾಲದಿಂದ ತರಬೇಕು. 10ರಿಂದ 20 ಸದಸ್ಯೆಯರ ಸ್ವಸಹಾಯ ಸಂಘವಾಗಿ ರಾಜ್ಯದ ಸಂಜೀವಿನಿ ಯೋಜನೆಯಡಿ ಸೇರಿದರೆ ಬ್ಯಾಂಕಿನ ಬಾಗಿಲು ಸುಲಭವಾಗಿ ತೆರೆಯುತ್ತದೆ. ಬೆಲೆ ಕಟ್ಟುವಾಗ ಸಾಮಗ್ರಿ, ಸೌದೆ ಅಥವಾ ಗ್ಯಾಸು, ಬಾಟಲಿ, ಬಸ್ಸಿನ ಖರ್ಚು, ಹಾಳಾದ ಮಾಲು ಇವುಗಳ ಜೊತೆಗೆ ಪ್ರತಿ ಹೆಂಗಸಿನ ಗಂಟೆಗಳ ಕೂಲಿಯನ್ನೂ ಸೇರಿಸಲೇಬೇಕು. ಚರ್ಚಿನ ಕೆಲಸವೆಂದರೆ ಸೇವೆ, ಸೇವೆಗೆ ಕೂಲಿಯಿಲ್ಲ ಎಂಬ ಮಾತು ಇಂಥ ಕಡೆ ಸುಲಭವಾಗಿ ನುಸುಳುತ್ತದೆ. ಆದರೆ ಹೊಲದ ಕೂಲಿ ಬಿಟ್ಟು ಬಂದವಳ ಮನೆಯ ಒಲೆ ಆ ಮಾತಿನಿಂದ ಉರಿಯುವುದಿಲ್ಲ.

ಮೊದಲ ಗ್ರಾಹಕರು ಭಾನುವಾರದ ಆರಾಧನೆ ಮುಗಿಸಿ ಹೊರಬರುವ ನಗರದ ಸಭೆಯವರೇ ಆಗಿರುತ್ತಾರೆ. ಸುಗ್ಗಿ ಹಬ್ಬ, ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಹಬ್ಬದ ಸುಮಾರಿಗೆ ಶಿವಾಜಿನಗರದ ಜಾತ್ರೆ, ಕ್ರಿಸ್‌ಮಸ್ ಮಾರಾಟ ಒಳ್ಳೆಯ ಆರಂಭ ಕೊಡುತ್ತವೆ. ಆದರೆ ಅನುಕಂಪದಿಂದ ಕೊಂಡವರು ಎರಡನೆಯ ಸಲ ಬರುವುದು ಪದಾರ್ಥ ಚೆನ್ನಾಗಿದ್ದರೆ ಮಾತ್ರ. ಆದ್ದರಿಂದ ಜಿಕೆವಿಕೆಯ ಕೃಷಿ ಮೇಳ, ಬಡಾವಣೆಗಳ ಸಂತೆ, ಸಾವಯವ ಅಂಗಡಿಗಳಂಥ ಅಪರಿಚಿತರ ಮಾರುಕಟ್ಟೆಗೂ ಬೇಗ ಹೋಗಬೇಕು. ಪ್ರತಿ ತಯಾರಿಕೆಗೂ ಒಂದು ಬ್ಯಾಚ್ ಸಂಖ್ಯೆ ಕೊಟ್ಟು, ಯಾವ ಗಿಡ ಎಲ್ಲಿಂದ ಬಂತು, ಯಾರು ಕಾಯಿಸಿದರು, ಎಷ್ಟು ಬಾಟಲಿ ಯಾರಿಗೆ ಹೋಯಿತು ಎಂದು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆದಿಡಿ. ದೂರು ಬಂದ ದಿನ ಆ ಬ್ಯಾಚಿನ ಮಾಲನ್ನೆಲ್ಲ ಹಿಂದಕ್ಕೆ ತರಿಸಲು ಇದೊಂದೇ ದಾರಿ. ಆ ಪುಸ್ತಕವೂ, ಬ್ಯಾಂಕ್ ಖಾತೆಯ ಸಹಿಯ ಅಧಿಕಾರವೂ ಮೊದಲಿನಿಂದಲೇ ಸಂಘದ ಸದಸ್ಯೆಯರ ಬಳಿ ಇರಲಿ; ಫಾದರ್ ಅವರಾಗಲಿ ಸಿಸ್ಟರ್ ಆಗಲಿ ತಿಂಗಳಿಗೊಮ್ಮೆ ಕೂತು ಲೆಕ್ಕ ನೋಡಿದರೆ ಸಾಕು.