ಹೈಸ್ಕೂಲಿನ ಡಿಸೈನ್ ಕೆಲಸಕ್ಕೆ ಕಾಲೇಜಿನ ಕ್ರೆಡಿಟ್: ನಾನು ಪಡೆದ ಬಗೆ

ಕ್ಯಾಲಿಫೋರ್ನಿಯಾದಲ್ಲಿ ಗ್ರಾಫಿಕ್ ಡಿಸೈನ್ ಅಂತ ಹೊರಟ ಕನ್ನಡದ ಮಕ್ಕಳಿಗೆ ಮನೆಯಲ್ಲಿ ಬೀಳುವ ಮೊದಲ ಪ್ರಶ್ನೆ: "ಫೋಟೊಶಾಪ್ ಬರುತ್ತೆ ಸರಿ, ಅದರಿಂದ ಕಾಲೇಜಿನಲ್ಲಿ ಏನು ಸಿಗುತ್ತೆ?" ಕ್ರೆಡಿಟ್ ಸಿಗುತ್ತದೆ, ಅಂದರೆ ಪದವಿಯ ಲೆಕ್ಕಕ್ಕೆ ಸೇರುವ ಯೂನಿಟ್. ನನಗೆ ಸಿಕ್ಕಿತು. ಆದರೆ ಸಾಫ್ಟ್‌ವೇರ್ ಕೊಡಿಸಿದ್ದು ಅದರಲ್ಲಿ ಸಣ್ಣ ಪಾಲು. ದೊಡ್ಡ ಪಾಲು ಕೊಡಿಸಿದ್ದು ನಾನು ಬಿಸಾಡದೆ ಇಟ್ಟುಕೊಂಡಿದ್ದ ಕಚ್ಚಾ ಹಾಳೆಗಳು.

ಮೊದಲು ಸುಲಭದ್ದು ಹೇಳಿಬಿಡುತ್ತೇನೆ. ಇಲ್ಲಿನ ಎಷ್ಟೋ ಹೈಸ್ಕೂಲುಗಳ ಡಿಸೈನ್ ತರಗತಿಗೂ ಹತ್ತಿರದ ಕಮ್ಯುನಿಟಿ ಕಾಲೇಜಿಗೂ ಆರ್ಟಿಕ್ಯುಲೇಷನ್ ಅನ್ನೋ ಒಪ್ಪಂದ ಇರುತ್ತದೆ. ಎರಡೂ ಕಡೆಯ ಮೇಷ್ಟ್ರುಗಳು ಕೂತು ಸಿಲಬಸ್ ಹೋಲಿಸಿ, "ಈ ತರಗತಿ ನಮ್ಮ ಕಾಲೇಜಿನ ಇಂಥ ಕೋರ್ಸಿಗೆ ಸಮ" ಅಂತ ಒಪ್ಪಿಕೊಂಡಿರುತ್ತಾರೆ. ಹೈಸ್ಕೂಲಿನಲ್ಲೇ ಕೂತು, ಕಾಲೇಜು ಒಪ್ಪಿದ ಕೊನೆಯ ಪರೀಕ್ಷೆಯನ್ನೋ ಪ್ರಾಜೆಕ್ಟನ್ನೋ ಮಾಡಿ, ಅವರು ಕೇಳಿದ ಗ್ರೇಡ್ ತಂದರೆ ಯೂನಿಟ್ ಬರುತ್ತದೆ. ನಮ್ಮಲ್ಲಿ ಆ ಗ್ರೇಡ್ ಬಿ. ಇದಕ್ಕೆ ಬೇರೆಯಾಗಿ ಹೆಸರು ನೋಂದಾಯಿಸಬೇಕು. ಮೇಷ್ಟ್ರು ನಮ್ಮ ಪರವಾಗಿ ಮಾಡಿಬಿಡುತ್ತಾರೆ ಅಂತ ಕೂತವರಿಗೆ ಏನೂ ಸಿಗಲಿಲ್ಲ. ಇನ್ನೊಂದು ಮಾತು, ಈ ಗ್ರೇಡ್ ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿಗೆ, ಅಂದರೆ ಅಂಕಪಟ್ಟಿಗೆ, ಹೋಗಿ ಕೂರುತ್ತದೆ, ಮುಂದೆ ಎಲ್ಲಿ ಹೋದರೂ ಜೊತೆಗೇ ಬರುತ್ತದೆ.

ಇನ್ನು ಸಾಫ್ಟ್‌ವೇರ್ ಸರ್ಟಿಫಿಕೇಟು. ಅಡೋಬಿ ಸರ್ಟಿಫೈಡ್ ಪ್ರೊಫೆಷನಲ್ ಪರೀಕ್ಷೆ 50 ನಿಮಿಷದ್ದು, 1000ಕ್ಕೆ 700 ಬಂದರೆ ಪಾಸ್. ಕೆಲವು ಪ್ರಶ್ನೆಗೆ ಉತ್ತರ ಆರಿಸುವುದು, ಉಳಿದದ್ದು ಚಿತ್ರ ಬಿಡಿಸುವ ಸಾಫ್ಟ್‌ವೇರ್ ಆದ ನಿಜವಾದ ಇಲ್ಲಸ್ಟ್ರೇಟರ್ ಒಳಗೇ ಮಾಡಿ ತೋರಿಸುವುದು: ಈ ಲೇಯರನ್ನು ಲಾಕ್ ಮಾಡು, ಆರ್ಟ್‌ಬೋರ್ಡಿನ ಅಳತೆ ಬದಲಿಸು, ಇಂಥ ಫಾರ್ಮ್ಯಾಟಿನಲ್ಲಿ ಎಕ್ಸ್‌ಪೋರ್ಟ್ ಮಾಡು. ದಿನಾ ಕೈಯಾಡಿಸುವವರಿಗೆ ಕಷ್ಟವಲ್ಲ. ಸ್ಕೂಲೇ ಫೀಸು ಕಟ್ಟಿತ್ತು, ಬರೆದೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳು ಮೊದಲೇ ಕಲಿತದ್ದಕ್ಕೆ ಕ್ರೆಡಿಟ್ ಕೊಡುವಾಗ ಇಂಥ ಸರ್ಟಿಫಿಕೇಟನ್ನೂ ನೋಡಬಹುದು. ಆದರೆ ನಾನು ಸೇರಿದ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕ್ಯಾಂಪಸ್ಸಿನಲ್ಲಿ ಅದಕ್ಕೆ ಮೂರು ಕಾಸಿನ ಬೆಲೆ ಇರಲಿಲ್ಲ. ಸರ್ಟಿಫಿಕೇಟಿಗೆ ಮೂರೇ ವರ್ಷ ಆಯಸ್ಸು ಬೇರೆ. ಅದಕ್ಕಾಗಿ ಕೈಯಿಂದ ದುಡ್ಡು ಸುರಿಯಬೇಡಿ ಅಂತಲೇ ನಾನು ಹೇಳೋದು.

ನಿಜವಾಗಿ ಬೆವರಿಳಿಸಿದ್ದು ಎಪಿ 2-ಡಿ ಆರ್ಟ್ ಅಂಡ್ ಡಿಸೈನ್. ಎಪಿ ಅಂದರೆ ಹೈಸ್ಕೂಲಿನಲ್ಲೇ ಮಾಡುವ ಕಾಲೇಜು ಮಟ್ಟದ ಕೋರ್ಸ್. ಇದಕ್ಕೆ ಕೂತು ಬರೆಯುವ ಪರೀಕ್ಷೆ ಇಲ್ಲ, ಮೇ ತಿಂಗಳಲ್ಲಿ ಪೋರ್ಟ್‌ಫೋಲಿಯೊ ಅಪ್‌ಲೋಡ್ ಮಾಡಬೇಕು. ಎರಡು ಭಾಗ. ಆರಿಸಿದ 5 ಕೃತಿಗಳಿಗೆ ಶೇ. 40, ಸಸ್ಟೇನ್ಡ್ ಇನ್ವೆಸ್ಟಿಗೇಷನ್ ಅನ್ನೋ 15 ಚಿತ್ರಗಳ ಭಾಗಕ್ಕೆ ಶೇ. 60. ಈ ಎರಡನೆಯದರಲ್ಲಿ ಒಂದೇ ಪ್ರಶ್ನೆಯನ್ನು ಹಿಡಿದು ವರ್ಷವಿಡೀ ಅದರ ಬೆನ್ನು ಹತ್ತಬೇಕು.

ನನ್ನ ಪ್ರಶ್ನೆ ಹುಟ್ಟಿದ್ದು ಮೈಸೂರಿನಲ್ಲಿ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋದಾಗ ದೇವರಾಜ ಮಾರುಕಟ್ಟೆಯ ಸುತ್ತ ಅಂಗಡಿ ಬೋರ್ಡುಗಳ ಫೋಟೊ ತೆಗೆದಿದ್ದೆ. ಕೈಯಲ್ಲಿ ಬರೆದ ಹಳೇ ಬೋರ್ಡುಗಳಲ್ಲಿ ಜಾಗ ಸಾಲದೇ ಹೋದರೆ ಪೇಂಟರು ಒತ್ತಕ್ಷರವನ್ನು ಪಕ್ಕಕ್ಕೆ ತಳ್ಳುತ್ತಾನೆ, ಇಲ್ಲವೇ ಕುಗ್ಗಿಸಿ ಮೇಲಿನ ಅಕ್ಷರದ ಹೊಟ್ಟೆಗೇ ತುರುಕುತ್ತಾನೆ. ಕಂಪ್ಯೂಟರಿನ ಫಾಂಟು ಹಾಗೆ ಮಾಡೋದಿಲ್ಲ, ಸಾಲುಗಳನ್ನೇ ದೂರ ತಳ್ಳಬೇಕಾಗುತ್ತದೆ. ಸಾಲಿನ ನಡುವಿನ ಜಾಗ ಕಮ್ಮಿಯಾಗುತ್ತಾ ಹೋದರೆ ಒತ್ತಕ್ಷರ ಎಲ್ಲಿಗೆ ಹೋಗಬೇಕು? ಇದನ್ನೇ ಪ್ರಶ್ನೆ ಮಾಡಿಕೊಂಡೆ. ಅಂಕ ಹಾಕುವವರಿಗೆ ಕನ್ನಡ ಬರೋದಿಲ್ಲ ಅಲ್ವಾ ಅಂತ ಗೆಳೆಯರು ಕೇಳಿದರು. ಬರದಿದ್ದರೇ ಒಳ್ಳೆಯದು. ಅವರು ಓದೋದಿಲ್ಲ, ಆಕಾರವನ್ನು ಮಾತ್ರ ನೋಡುತ್ತಾರೆ.

ಇಲ್ಲಸ್ಟ್ರೇಟರಿನಲ್ಲಿ ಕನ್ನಡ ಹೊಡೆದವರಿಗೆ ಗೊತ್ತಿರುವ ಕಾಟ ಒಂದಿದೆ. ಯೂನಿಕೋಡಿನಲ್ಲಿ "ರಾಷ್ಟ್ರ" ಅಂತ ಬರೆದರೆ ಅಕ್ಷರಗಳು ಬಿಡಿಬಿಡಿಯಾಗಿ, ನಡುವೆ ಹಲಂತದ ಸಮೇತ ನಿಂತುಬಿಡುತ್ತವೆ. ಪ್ರಿಫರೆನ್ಸಸ್‌ನಲ್ಲಿ ಟೈಪ್ ಅನ್ನುವಲ್ಲಿಗೆ ಹೋಗಿ ಇಂಡಿಕ್ ಆಯ್ಕೆಗಳನ್ನು ಆನ್ ಮಾಡಿ. ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲಿನ ಮೆನುವಿನಲ್ಲಿ ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಕಂಪೋಸರ್ ಆರಿಸಿ. ಆಗ ಒತ್ತು ಕೆಳಗಿಳಿದು ತನ್ನ ಜಾಗದಲ್ಲಿ ಕೂರುತ್ತದೆ. ಪುಟ ಜೋಡಿಸುವ ಇನ್‌ಡಿಸೈನ್‌ನಲ್ಲಿ ಇದಕ್ಕೆ ವರ್ಲ್ಡ್-ರೆಡಿ ಕಂಪೋಸರ್ ಅಂತಾರೆ. ನಾನು ನೋಟೊ ಸ್ಯಾನ್ಸ್ ಕನ್ನಡ ಫಾಂಟಿನಿಂದ ಶುರು ಮಾಡಿದೆ. ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಪ್ರಿಂಟ್ ತೆಗೆದು, ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಕೈಯಲ್ಲೇ ತಿದ್ದುತ್ತಿದ್ದೆ. "ಷ್ಟ್ರ"ದಲ್ಲಿ ಎರಡು ಒತ್ತು. ಟ ಒತ್ತನ್ನು ಕುಗ್ಗಿಸಿದರೆ ರ ಒತ್ತಿನ ಬಾಲ ಮುಂದಿನ ಅಕ್ಷರದ ಕಾಲಿಗೆ ತೊಡರುತ್ತದೆ. ಬಾಲವನ್ನು ಮೇಲಕ್ಕೆ ಎತ್ತಿದರೆ ಷ ಅಕ್ಷರವೇ ಗುರುತು ಸಿಗೋದಿಲ್ಲ. ಈ ಜಗಳವೆಲ್ಲ ಆ ಹಾಳೆಗಳ ಮೇಲೆ ಕೆಂಪು ಪೆನ್ಸಿಲಿನಲ್ಲಿ ಇತ್ತು.

ಆ ಹಾಳೆಗಳನ್ನು ಸ್ಕ್ಯಾನ್ ಮಾಡಿ 15ರಲ್ಲಿ ಸೇರಿಸಿದೆ. 15 ಚಿತ್ರ ಅಂದರೆ 15 ಮುಗಿದ ಪೋಸ್ಟರ್ ಅಂತ ಎಷ್ಟೋ ಜನ ತಿಳಿದಿರುತ್ತಾರೆ. ಹಾಗೇನಿಲ್ಲ, ಕೆಲಸ ನಡೆದ ಹಂತಗಳನ್ನೂ ಹಾಕಬಹುದು. ಅಭ್ಯಾಸ, ಪ್ರಯೋಗ, ತಿದ್ದುಪಡಿ ಈ ಮೂರಕ್ಕೆ ಅಂಕದಲ್ಲಿ ಪ್ರತ್ಯೇಕ ಸಾಲೇ ಇದೆ. ತಿದ್ದಿದ್ದು ಕಾಣದಿದ್ದರೆ ಅಲ್ಲಿ ಅಂಕ ಹೇಗೆ ಬರುತ್ತೆ? ಫೈಲನ್ನೂ ಅದಕ್ಕೇ ಮೇಲಿಂದ ಮೇಲೆ ಅದೇ ಹೆಸರಿನಲ್ಲಿ ಸೇವ್ ಮಾಡಬೇಡಿ, ಪ್ರತಿ ದೊಡ್ಡ ಬದಲಾವಣೆಗೂ ಹೊಸ ಹೆಸರು ಕೊಡಿ. ಬರಹಕ್ಕೂ ಜಾಗ ಇದೆ, ಆದರೆ ಬಿಗಿ. ಪ್ರಶ್ನೆ ಏನು ಅನ್ನೋದಕ್ಕೆ ಇಂಗ್ಲಿಷಿನಲ್ಲಿ 600 ಕ್ಯಾರೆಕ್ಟರ್, ಖಾಲಿ ಜಾಗ ಸೇರಿ. ವಿಶೇಷಣಗಳೆಲ್ಲ ತಾನಾಗೇ ಉದುರಿ ಹೋಗುತ್ತವೆ.

ಎಐ ಬಳಸುವಂತಿಲ್ಲ. ಫೋಟೊಶಾಪಿನ ಜನರೇಟಿವ್ ಫಿಲ್ ಕೂಡ ಅದರಲ್ಲೇ ಬಂತು, ಹಿನ್ನೆಲೆ ಸ್ವಲ್ಪ ಉದ್ದ ಮಾಡಿಕೊಂಡೆ ಅನ್ನೋ ನೆಪ ನಡೆಯೋದಿಲ್ಲ. ಬೇರೆಯವರ ಕೆಲಸವನ್ನು ಇದ್ದ ಹಾಗೇ ನಕಲು ಮಾಡೋದೂ ಹಾಗೇ. ಅದಕ್ಕೇ ಮೈಸೂರಿನ ಬೋರ್ಡುಗಳು ನನ್ನ ಪೋರ್ಟ್‌ಫೋಲಿಯೊದಲ್ಲಿ ಎಲ್ಲೂ ನೇರವಾಗಿ ಬರಲಿಲ್ಲ. ನೋಡಿ ಕಲಿತೆ ಅಷ್ಟೆ.

ಜುಲೈನಲ್ಲಿ 5ಕ್ಕೆ 4 ಬಂತು. ಮನೆಯಲ್ಲಿ ಪಾಯಸ ಆಯಿತು. ಆಮೇಲೆ ಶುರುವಾಯಿತು ನೋಡಿ, ಯಾರೂ ಮೊದಲೇ ಹೇಳದ ವಿಷಯ. ಸಿಎಸ್‌ಯುನಲ್ಲಿ ಈ ಎಪಿಗೆ 3 ಅಥವಾ ಮೇಲೆ ಬಂದರೆ 3 ಸೆಮಿಸ್ಟರ್ ಯೂನಿಟ್ ಕೊಡುತ್ತಾರೆ. ಆದರೆ ಯೂನಿಟ್ ಬೇರೆ, ಕೋರ್ಸ್ ಬೇರೆ. ಪದವಿಗೆ ಬೇಕಾದ ಒಟ್ಟು ಲೆಕ್ಕಕ್ಕೆ ಅದು ಸೇರಿತು. ಡಿಸೈನ್ ಮೇಜರಿನ ಮೊದಲ 2-ಡಿ ಕೋರ್ಸ್ ಮಾತ್ರ ಹಾಗೇ ಉಳಿಯಿತು. ಕೌಂಟರಿನಲ್ಲಿ ಕೇಳಿದರೆ "ಎಲೆಕ್ಟಿವ್ ಆಗಿ ಬಂದಿದೆ" (ಐಚ್ಛಿಕ ವಿಷಯದ ಲೆಕ್ಕಕ್ಕೆ ಅಂತ) ಹೇಳಿ ಮುಗಿಸಿದರು.

ಆ ಕೋರ್ಸನ್ನು ಬಿಡಿಸಬಲ್ಲದ್ದು ಡಿಪಾರ್ಟ್‌ಮೆಂಟಿನ ಪೋರ್ಟ್‌ಫೋಲಿಯೊ ರಿವ್ಯೂ. ಅದನ್ನು ನಾವೇ ಕೇಳಬೇಕು, ಸುಮ್ನೆ ಕೂತರೆ ಯಾರೂ ಕರೆಯೋದಿಲ್ಲ. ಕ್ಯಾಟಲಾಗಿನಿಂದ ಆ ಕೋರ್ಸಿನ ಕಲಿಕೆಯ ಗುರಿಗಳನ್ನು ತೆಗೆದು, ಒಂದೊಂದಕ್ಕೂ ಎದುರಾಗಿ ನನ್ನ ಕೆಲಸದ ಒಂದೊಂದು ಪುಟ ಇಟ್ಟು ಪಿಡಿಎಫ್ ಮಾಡಿದೆ. ಫಿಗರ್-ಗ್ರೌಂಡಿಗೆ (ಆಕಾರ ಮತ್ತು ಅದರ ಹಿನ್ನೆಲೆಯ ಸಂಬಂಧ) ಈ ಪುಟ, ಗ್ರಿಡ್ಡಿಗೆ ಆ ಪುಟ, ಬಣ್ಣಕ್ಕೆ ಇನ್ನೊಂದು. ಜೊತೆಗೆ ಟ್ರೇಸಿಂಗ್ ಹಾಳೆಗಳ ಕಟ್ಟು ಹೊತ್ತುಕೊಂಡೇ ಹೋದೆ. ನೋಡಿದ ಪ್ರೊಫೆಸರ್ ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸಿ ಹಾಳೆಗಳನ್ನೇ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಇಲ್ಲಸ್ಟ್ರೇಟರ್ ಎಷ್ಟು ಬರುತ್ತೆ ಅಂತ ಕೇಳಲೇ ಇಲ್ಲ. "ಈ ಬಾಲವನ್ನು ಯಾಕೆ ಕತ್ತರಿಸಿದೆ?" ಅಂತ ಕೇಳಿದರು. ಹೇಳಿದೆ. ಆ ಕೋರ್ಸಿನಿಂದ ವಿನಾಯಿತಿ ಕೊಟ್ಟರು, ಆ ಜಾಗದಲ್ಲಿ ಟೈಪೋಗ್ರಫಿ ತಗೊಂಡೆ.

ನೀವೂ ಈ ದಾರಿ ಹಿಡಿಯೋದಾದರೆ ಕಾಗದದ ಕೆಲಸ ಇಷ್ಟು. ಹೈಸ್ಕೂಲಿನ ಎಪಿ ಕೋಆರ್ಡಿನೇಟರ್ ಮೂಲಕವೇ ಹೆಸರು ಕೊಡಬೇಕು. ಎಪಿ ಅಂಕವನ್ನು ಒಂದು ಕಾಲೇಜಿಗೆ ಪುಕ್ಕಟೆ ಕಳಿಸಲು ಜೂನ್ 20ರೊಳಗೆ ಹೆಸರು ಆರಿಸಿಟ್ಟಿರಬೇಕು. ಕಮ್ಯುನಿಟಿ ಕಾಲೇಜಿನ ಯೂನಿಟ್ ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟಿನ ಜೊತೆ ತಾನಾಗೇ ಹೋಗೋದಿಲ್ಲ, ಆ ಕಾಲೇಜಿನಿಂದಲೇ ಬೇರೆ ತರಿಸಿ ಕಳಿಸಿ. ಆ ಕೋರ್ಸ್ ಯಾವ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಯಾವ ಸಿಎಸ್‌ಯುನಲ್ಲಿ ಯಾವುದಕ್ಕೆ ಸಮ ಅನ್ನೋದು ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ ಸಿಗುತ್ತದೆ. ಅರ್ಜಿ ಹಾಕುವ ಮೊದಲೇ ನೋಡಿ.